ಬಲಗೆನ್ನೆ

ಬ್ಲ್ಯಾಕಾಲ್‌ಗೆ ತಿಂಗಳಿಗೊಮ್ಮೆ ವಿಮಾನದಲ್ಲಿ ಬರುತ್ತಾಳೆ
ಚರ್ಮದ ಡಾಕ್ಟರು, ಗ್ರಿಗಾಸ್ ಅಂತ.
ದೀಪದ ಭೂತಗನ್ನಡಿ ಎಳೆದು ನನ್ನ ಮುಖದ ಮೇಲೆ ಬಗ್ಗಿ
ಬಹಳ ಹೊತ್ತು ಏನೂ ಅನ್ನಲಿಲ್ಲ.
ಆಮೇಲೆ ಕೇಳಿದಳು:
"ಮಿಸೆಸ್ ಟ್ರೆಲೋರ್, ನೀವು ಲಾರಿ ಓಡಿಸ್ತಿದ್ರಾ?"

ಲಾರಿಯಲ್ಲ, ಅಂಚೆ ವ್ಯಾನು.
ಮೂವತ್ತೊಂದು ವರ್ಷ, ವಾರಕ್ಕೆರಡು ಸಲ.
ಬೆಳಿಗ್ಗೆ ಉತ್ತರಕ್ಕೆ ಹೊರಟರೆ ಬಲಕ್ಕೆ ಸೂರ್ಯ,
ಸಂಜೆ ದಕ್ಷಿಣಕ್ಕೆ ಮರಳಿದರೆ ಆಗಲೂ ಬಲಕ್ಕೇ.
ಸಾಲ ಕೊಟ್ಟವನ ಹಾಗೆ
ಹೋಗುವಾಗಲೂ ಕಾದಿರುತ್ತಿದ್ದ, ಬರುವಾಗಲೂ.
ಕಿಟಕಿ ಇಳಿಸಿ ಮೊಣಕೈ ಊರಿದ ನಾನು
ಅದನ್ನು ಸ್ನೇಹ ಅಂದುಕೊಂಡಿದ್ದೆ.

ಬಿಸಿಲಿಗೆ ನರೆತ ಕೂದಲಲ್ಲ ಇದು ಅಂತ
ವಯಸ್ಸಾದವರು ಜಂಬ ಪಡುತ್ತಾರಲ್ಲ,
ನನಗೆ ಆ ಮಾತಿನ ಹಕ್ಕಿಲ್ಲ.
ನನ್ನ ಅರ್ಧ ಮುಖ ಮುದಿಯಾದದ್ದು ಬಿಸಿಲಿಗೇ.

ಜನವರಿಯ ನಲವತ್ತೆರಡು ಡಿಗ್ರಿಯಲ್ಲಿ
ಡಾಕ್ಟರ ಕೈಯ ಡಬ್ಬಿ ಬುಸ್ಸೆಂದಿತು,
ಕೆನ್ನೆಯ ಮೇಲೆ ಏಳು ಕಡೆ ಇಬ್ಬನಿ ಹೆಪ್ಪುಗಟ್ಟಿತು.
ಕಿವಿಯ ಹತ್ತಿರ ಒಂದು ಚೂರು,
ಉದ್ದಿನ ಕಾಳಿನಷ್ಟು, ಕತ್ತರಿಸಿ ಸೀಸೆಗೆ ಹಾಕಿ
ಬ್ರಿಸ್ಬೇನ್‌ಗೆ ಕಳಿಸಿದಳು.
ಊರವರ ಕುರಿ ಔಷಧಿ, ಕೋಳಿಮರಿ, ಮದುವೆಯ ಕೇಕು
ಏನೆಲ್ಲ ಹೊತ್ತು ಮುಟ್ಟಿಸಿದವಳು ನಾನು.
ನನ್ನದೇ ಪಾರ್ಸೆಲ್ಲು ಇದೇ ಮೊದಲು.
ಉತ್ತರ ಬಂತು:
ಇನ್ನೂ ಕ್ಯಾನ್ಸರ್ ಆಗಿಲ್ಲ, ಆಗುವ ಮನಸ್ಸಿದೆ.

ಮುಲಾಮು ಕೊಟ್ಟಳು. ದಿನಕ್ಕೆರಡು ಸಲ, ಮೂರು ವಾರ.
ಹಚ್ಚಿದ ಕೈ ತೊಳೆಯಬೇಕು,
ನಾಯಿ ನೆಕ್ಕಬಾರದು, ನೆಕ್ಕಿದರೆ ಸಾಯುತ್ತದೆ.
ಬಿಂಗೋನನ್ನು ಜಗಲಿಗೆ ಹಾಕಿ ಬಾಗಿಲು ಮುಚ್ಚಿದೆ.
ಅವನು ಇಡೀ ರಾತ್ರಿ ಕೆರೆದ, ಬಾಗಿಲನ್ನು;
ನಾನು ಕೆರೆಯಬಾರದಿತ್ತು, ಕೆನ್ನೆಯನ್ನು.

ಎರಡೂ ಕಡೆ ಒಂದೇ ಸಮ ಹಚ್ಚಿದ್ದೆ.
ಎಡಗೆನ್ನೆ, ಏನೂ ಗೊತ್ತಿಲ್ಲದವಳ ಹಾಗೆ, ಸುಮ್ಮನಿತ್ತು.
ಬಲಗೆನ್ನೆ ಎಲ್ಲವನ್ನೂ ಒಪ್ಪಿಕೊಂಡಿತು.
ಕಣ್ಣಿಗೆ ಕಾಣದೆ ಒಳಗೇ ಬಚ್ಚಿಟ್ಟುಕೊಂಡಿದ್ದ
ಒಂದೊಂದು ಮಧ್ಯಾಹ್ನವೂ ಕೆಂಪಗೆ ಎದ್ದು, ಒಡೆದು, ಹಕ್ಕಳೆಗಟ್ಟಿ,
ದಿಂಬಿನ ಮೇಲೆ ಪುಡಿಪುಡಿಯಾಗಿ ಉದುರಿತು.
ಬೇಕರಿಯ ಹುಡುಗಿ ಚಿಲ್ಲರೆ ಕೊಡುವಾಗ
ನನ್ನ ಮುಖ ಬಿಟ್ಟು ಬ್ರೆಡ್ಡನ್ನೇ ನೋಡಿದಳು.

"ಸುಕ್ಕಿಗೆ ಲೇಸರ್ ಇದೆ," ಅಂದಳು ಗ್ರಿಗಾಸ್ ಮುಂದಿನ ತಿಂಗಳು,
"ಎರಡೂ ಕೆನ್ನೆ ಜೋಡಿ ಮಾಡಬಹುದು. ಖರ್ಚು ನಿಮ್ಮದೇ."
ಜೋಡಿ ಅಂದರೆ ಎತ್ತೇ, ಚಪ್ಪಲಿಯೇ?
ನಕ್ಕೆ. ನಕ್ಕರೆ ಹೊಸ ಚರ್ಮ ಚುರುಗುಟ್ಟುತ್ತಿತ್ತು.
ಆದರೂ ಆ ಕಾಗದ ಹರಿಯಲಿಲ್ಲ,
ಮಡಿಸಿ ಇಟ್ಟುಕೊಂಡಿದ್ದೇನೆ.

ನಿನ್ನೆ ಹೊಸ ಡ್ರೈವರ್ ಕೋಬಿಗೆ ದಾರಿ ತೋರಿಸಲು ಹೋದೆ.
ಮೊದಲ ಸಲ ಎಡಗಡೆ ಕೂತೆ, ಆಲ್ವಿನ್‌ನ ಜಾಗದಲ್ಲಿ.
ಹದಿನೆಂಟು ವರ್ಷ ಅಲ್ಲಿ ಕೂತು
ನನಗಾಗಿ ಗೇಟು ತೆಗೆದ ಗಂಡ.
ಪ್ರತಿ ಹುಟ್ಟುಹಬ್ಬಕ್ಕೂ ಹೇಳುತ್ತಿದ್ದ:
"ನಿನಗೆ ಒಂದು ದಿನವೂ ವಯಸ್ಸಾಗಿಲ್ಲ ಕಣೇ."
ಬಾಯಿಮಾತು, ಅನ್ನುತ್ತಿದ್ದೆ.
ಬೆಣ್ಣೆ ಹಚ್ಚಬೇಡ, ಅನ್ನುತ್ತಿದ್ದೆ.
ಒಂದು ಸಲ ಸಿಟ್ಟಾಗಿ ಎರಡು ಗೇಟಿನವರೆಗೆ ಮಾತೇ ಬಿಟ್ಟಿದ್ದೆ.

ಕೋಬಿ ಗೇರು ಬದಲಿಸಿದ. ಅವನತ್ತ ತಿರುಗಿದೆ.
ಆಚೆ ಕಿಟಕಿಯಲ್ಲಿ ಸೂರ್ಯ ಉರಿಯುತ್ತಿದ್ದ.
ಈಚೆಗೆ, ನೆರಳಲ್ಲಿ,
ನುಣ್ಣನೆಯ ಒಂದು ಎಡಗೆನ್ನೆ.
ಇಲ್ಲಿಂದ ಕಾಣುವುದು ಅಷ್ಟೇ.

ಪಾಪ, ಅವನು ಒಂದು ಸಲವೂ ಸುಳ್ಳು ಹೇಳಿರಲಿಲ್ಲ.

"ಗೇಟು," ಅಂದ ಕೋಬಿ.
ಇಳಿದೆ. ಟೋಪಿ ಬಲಕ್ಕೆ ವಾಲಿಸಿಕೊಂಡು
ಸರಪಳಿ ಬಿಚ್ಚಿದೆ. ಕಾದಿತ್ತು.